ರೆಕ್ಕೆಗೆ ಹೊಡೆದ ತಗಡು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮ್ಯೂಸಿಯಂನವರೆಲ್ಲ ಹೇಳುತ್ತಾರೆ. ಹೇಳಲಿ. ಆದರೆ ಆ ಬೆಳಿಗ್ಗೆ ದುರಸ್ತಿ ಶೆಡ್ಡಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಬಂದದ್ದು ಮೂಗಿನ ತುದಿಯ ಕೋಪವಲ್ಲ, ಅಂಗಾಲಿನಿಂದ ನೆತ್ತಿಗೆ ಏರಿದ್ದು. ವಿಮಾನಕ್ಕೆ ಬಂದೂಕು ಬಂದಿತ್ತು. ಎಡ ರೆಕ್ಕೆಯ ಅಂಚಿನಿಂದ ಎರಡು, ಬಲ ರೆಕ್ಕೆಯಿಂದ ಎರಡು, ಕರ್ರಗೆ ಮಿರಮಿರ ಮಿಂಚುವ ನಳಿಗೆಗಳು ಮೂತಿ ಚಾಚಿಕೊಂಡು ನಿಂತಿದ್ದವು. ದಾಖಲೆ ಹುಡುಕಲು ನಾನು ಊರು ಬಿಟ್ಟು ಹೋಗುವಾಗ ಅವು ಇರಲಿಲ್ಲ. ಯುದ್ಧಕಾಲದಲ್ಲಿ ಆ ವಿಮಾನ ಸರೋವರಕ್ಕೆ ಬಿದ್ದಾಗಲೂ ಇರಲಿಲ್ಲ.

ನಾನು ಈ ಮ್ಯೂಸಿಯಂನ ಸಂಶೋಧಕಿ. ಅಂದರೆ ಒಂದು ಹಳೆಯ ವಿಮಾನ ಯಾವ ಯುದ್ಧದಲ್ಲಿ, ಯಾರ ಕೈಯಲ್ಲಿ, ಏನು ಮಾಡಿತು ಎಂದು ಹುಡುಕಿ, ಪಕ್ಕದಲ್ಲಿ ನಿಲ್ಲಿಸುವ ಫಲಕಕ್ಕೆ ನಾಲ್ಕು ಸಾಲು ಬರೆದು ಕೊಡುವವಳು. ನಾಲ್ಕು ಸಾಲಿಗೆ ಇಷ್ಟು ವರ್ಷ ಬೇಕೇ ಎಂದು ಆಫೀಸಿನವರು ಆಗಾಗ ಕೇಳುತ್ತಾರೆ. ಸುಳ್ಳಾದರೆ ಬೇಡ, ಒಂದು ಮಧ್ಯಾಹ್ನ ಸಾಕು ಎನ್ನುತ್ತೇನೆ. ಆಮೇಲೆ ನನಗೆ ಕೋಪ ಜಾಸ್ತಿ ಎನ್ನುತ್ತಾರೆ.

ಈ ವಿಮಾನದ ಹೆಸರು ಐರಾಕೋಬ್ರಾ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ತಯಾರಿಸಿ ಆಗಿನ ನಮ್ಮ ಸೋವಿಯತ್ ಸೇನೆಗೆ ಕಳಿಸಿಕೊಟ್ಟ ಫೈಟರ್. ಎಂಜಿನ್ ಪೈಲಟ್‌ನ ಬೆನ್ನ ಹಿಂದೆ, ಫಿರಂಗಿ ಮೂತಿಯಲ್ಲಿ, ಹತ್ತಲು ಕಾರಿಗಿರುವಂಥ ಬಾಗಿಲು. ತಯಾರಿಸಿದವರೇ ಅದನ್ನು ಅಷ್ಟಾಗಿ ಮೆಚ್ಚಲಿಲ್ಲ, ಸೋವಿಯತ್ ಪೈಲಟ್‌ಗಳು ತಲೆ ಮೇಲೆ ಹೊತ್ತುಕೊಂಡರು. ನಮ್ಮಲ್ಲಿರುವುದನ್ನು ಸರೋವರದ ಕೆಸರಿನಿಂದ ಎತ್ತಿದಾಗ ಸೀಟಿನಲ್ಲಿ ಪೈಲಟ್‌ನ ಮೂಳೆಗಳು ಹಾಗೇ ಇದ್ದವು. ಒಂದು ಬಾಗಿಲು ಕಳಚಿತ್ತು, ಇನ್ನೊಂದು ಸಿಕ್ಕಿಕೊಂಡಿತ್ತು. ವಿಮಾನದ ನಂಬರ್ ಪ್ರಕಾರ ಆ ಪೈಲಟ್ ನನ್ನ ದೊಡ್ಡಪ್ಪ.

ದೊಡ್ಡಪ್ಪನನ್ನು ನಾನು ನೋಡಿದವಳಲ್ಲ. ನನ್ನ ಅಪ್ಪನಿಗೂ ನೋಡಿದ ನೆನಪಿರಲಿಲ್ಲ. ಅವನು ಹೋದಾಗ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ನೋಡಿ ನೆನಪಿಟ್ಟುಕೊಂಡವಳು ಇಡೀ ಲೋಕದಲ್ಲಿ ಒಬ್ಬಳೇ ಉಳಿದಿದ್ದಾಳೆ, ನನ್ನ ಸೋದರತ್ತೆ. ತೊಂಬತ್ತು ದಾಟಿದೆ, ನನ್ನ ಜೊತೆಗೇ ಇದ್ದಾಳೆ. ಅವಳಿಗಿರುವುದೂ ಒಂದೇ ನೆನಪು. ಅಣ್ಣ ಅವಳನ್ನು ತನ್ನ ಬೂಟುಗಳ ಮೇಲೆ ನಿಲ್ಲಿಸಿಕೊಂಡು, ಎರಡೂ ಕೈ ಹಿಡಿದು, ಅಡುಗೆಮನೆಯಿಂದ ಬೀದಿ ಬಾಗಿಲವರೆಗೆ ನಡೆಸುತ್ತಿದ್ದ.

ಯುದ್ಧ ಮುಗಿದ ಮೇಲೆ ದೊಡ್ಡಪ್ಪನ ರೆಜಿಮೆಂಟಿನ ಇನ್ನೊಬ್ಬ ಪೈಲಟ್ ನಮ್ಮ ಊರಿಗೆ ವಾಪಸ್ ಬಂದ. ನಮ್ಮವನು ಬರಲಿಲ್ಲ. ಏನಾಯಿತು ಎಂದು ಜನ ಕೇಳಿದರೆ, ಬಂದವನು ಕುಡಿದ ಬಾಯಲ್ಲಿ ಒಂದು ಮಾತು ಬಿಟ್ಟ: "ಅವ್ನು ರೆಕ್ಕೆ ಬಂದೂಕೆಲ್ಲ ಬಿಚ್ಚಿಸಿ ಹಗುರ ಮಾಡ್ಕೊಂಡಿದ್ದ. ಆವತ್ತು ಗುಂಪು ಬಿಟ್ಟು ಹಿಂದಕ್ಕೆ ತಿರುಗಿಸ್ಕೊಂಡು ಹೋದ." ಅಷ್ಟೇ. ಉಳಿದದ್ದಕ್ಕೆ ಊರೇ ಉಪ್ಪು ಖಾರ ಹಚ್ಚಿತು. ಓಡಲು ಅನುಕೂಲವಾಗಲಿ ಎಂದು ಬಂದೂಕು ಬಿಚ್ಚಿಸಿದವನು, ಸಂಗಡಿಗರಿಗೆ ಕೈಕೊಟ್ಟು ಹೋದವನು. ನಮ್ಮ ಮನೆಗೆ 'ಓಡಿಹೋದವನ ಮನೆ' ಎಂದೇ ಹೆಸರಾಯಿತು. ಶಾಲೆಯಲ್ಲಿ ಹುಡುಗರು ನನ್ನ ಅಪ್ಪನನ್ನು 'ಹಗುರ' ಎಂದು ಕರೆಯುತ್ತಿದ್ದರಂತೆ. ಅಪ್ಪ ಸಾಯುವ ಕಾಲಕ್ಕೂ ಊರಿನ ಮುದುಕರಿಗೆ ಅವನು ಹಗುರನೇ. ಅತ್ತೆಗೆ ನಿಶ್ಚಯವಾಗಿದ್ದ ಮದುವೆ ಮುರಿಯಿತು. ಕಷ್ಟ ಬಂದಾಗ ಕಾಲಿಗೆ ಬುದ್ಧಿ ಹೇಳುವ ರಕ್ತ ನಮಗೆ ಬೇಡ ಎಂದು ಹುಡುಗನ ತಾಯಿ ಬಾಗಿಲಲ್ಲೇ ನಿಂತು ಹೇಳಿ ಹೋದಳಂತೆ. ಅತ್ತೆ ಮತ್ತೆ ಮದುವೆಯ ಮಾತೆತ್ತಲು ಯಾರಿಗೂ ಬಿಡಲಿಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಸೇರಿದಳು, ಅಲ್ಲೇ ಕಣ್ಣು ಸವೆಸಿದಳು.

ವಿಮಾನ ಮೇಲೆತ್ತಿದ ವಾರ ಪತ್ರಿಕೆಯವರು ಬರೆದರು: ರೆಕ್ಕೆಯಲ್ಲಿ ಬಂದೂಕಿಲ್ಲ, ಹಳೆಯ ಮಾತು ನಿಜವೇ? ಅತ್ತೆ ಆ ಪತ್ರಿಕೆಯನ್ನು ನೀಟಾಗಿ ಮಡಿಸಿ ಚಪ್ಪಲಿ ಗೂಡಿನಲ್ಲಿ ಹಾಸಿದಳು. ನನ್ನ ಕಡೆ ತಿರುಗಿ, "ಓದಿ ದೊಡ್ಡವಳಾಗಿದ್ದೀಯಲ್ಲ. ಹುಡುಕು. ಓಡಿದ್ದಾನೋ ಇಲ್ವೋ, ನಾನು ಕಣ್ಣು ಮುಚ್ಚೋದ್ರೊಳಗೆ ಹೇಳು" ಎಂದಳು. ನನ್ನ ಸಂಶೋಧನೆಯ ಉದ್ದೇಶ ಏನು ಎಂದು ಸಮಿತಿಯವರು ಕೇಳಿದಾಗ ಪುಟಗಟ್ಟಲೆ ಬರೆದು ಕೊಟ್ಟಿದ್ದೆ. ನಿಜವಾದ ಉದ್ದೇಶ ಇದೊಂದೇ.

ಹುಡುಕಿದೆ. ಅವನು ಗುಂಪು ಬಿಟ್ಟು ಹೋದದ್ದು ಯಾಕೆ ಎಂಬುದು ಮೊದಲು ಸಿಕ್ಕಿತು. ಯುದ್ಧದಲ್ಲಿ ಎಲ್ಲ ಕಡೆಯ ಪೈಲಟ್‌ಗಳೂ ತಾವು ಬೀಳಿಸಿದ್ದನ್ನು ಹೆಚ್ಚಿಸಿಯೇ ಹೇಳುತ್ತಾರೆ, ಅದರಲ್ಲಿ ದೇಶಭೇದವಿಲ್ಲ. ಹಾಗಾಗಿ ಬೀಳಿಸಿದವರ ಮಾತನ್ನು ಬಿಟ್ಟು, ಕಳೆದುಕೊಂಡವರ ದಾಖಲೆಯನ್ನು ಓದಬೇಕು. ಉತ್ತರ ಶತ್ರುಗಳ ದಾಖಲೆಯಲ್ಲಿತ್ತು. ಆ ದಿನ ಅವರ ಬಾಂಬರ್‌ಗಳು ಸೋವಿಯತ್ ಸಾಲಿನ ಹಿಂದಕ್ಕೆ ನುಗ್ಗಿ, ಸರೋವರದ ಪಕ್ಕದ ರೈಲ್ವೆ ಸೇತುವೆಗೆ ಬಂದಿದ್ದವು, ಒಂದು ವಾಪಸ್ ಹೋಗಲಿಲ್ಲ. ದೊಡ್ಡಪ್ಪ ಹಿಂದಕ್ಕೆ ತಿರುಗಿದ್ದು ಅವುಗಳ ಬೆನ್ನು ಹತ್ತಿ. ಇನ್ನು ಬಂದೂಕು. ಈ ವಿಮಾನ ಹಾರಿಸಿದ ಎಷ್ಟೋ ಸೋವಿಯತ್ ರೆಜಿಮೆಂಟುಗಳು ರೆಕ್ಕೆಯ ಸಣ್ಣ ಬಂದೂಕುಗಳನ್ನು ಬಿಚ್ಚಿಸಿ ಮೂಲೆಗೆ ಹಾಕಿದ್ದವು. ಮೂತಿಯ ಫಿರಂಗಿ, ಅದರ ಮೇಲಿನ ಎರಡು ದೊಡ್ಡ ಮೆಷಿನ್ ಗನ್, ಇಷ್ಟಿದ್ದರೆ ಧಾರಾಳ. ರೆಕ್ಕೆ ಹಗುರವಾದರೆ ವಿಮಾನ ಬೇಗ ಮೇಲೇರುತ್ತದೆ, ಬೇಗ ಮಗ್ಗುಲಾಗುತ್ತದೆ. ಅದು ಓಡುವವರ ಉಪಾಯವಲ್ಲ, ಹೊಡೆಯಹೋಗುವವರ ಉಪಾಯ.

ಆದರೆ ಎಷ್ಟೋ ರೆಜಿಮೆಂಟು ಎಂದರೆ ಈ ರೆಜಿಮೆಂಟು ಎಂದಾಗಲಿಲ್ಲ. ಇವನೊಬ್ಬನೇ ಕದ್ದು ಬಿಚ್ಚಿಸಿದ್ದ ಎಂದು ಯಾರಾದರೂ ಹೇಳಿದರೆ ಬಾಯಿ ಮುಚ್ಚಿಸಲು ನನ್ನ ಹತ್ತಿರ ಏನಿತ್ತು? ಒಂದೇ ದಾರಿಯಿತ್ತು. ಬಂದೂಕು ತೆಗೆದರೆ ರೆಕ್ಕೆಯ ಅಂಚಿನಲ್ಲಿ ತೂತು ಉಳಿಯುತ್ತದೆ. ಆತುರದಲ್ಲಿ ಮಾಡಿದವರು ಬಟ್ಟೆ ಅಂಟಿಸುತ್ತಾರೆ. ರೆಜಿಮೆಂಟಿನ ವರ್ಕ್‌ಶಾಪ್ ಮಾಡಿದ್ದರೆ ತಗಡು ಕತ್ತರಿಸಿ, ರಿವೆಟ್ ಮೊಳೆ ಹೊಡೆದು, ಪರೀಕ್ಷಕನ ಮುದ್ರೆ ಒತ್ತುತ್ತದೆ. ವಿಮಾನ ಎತ್ತಿದಾಗ ರೆಕ್ಕೆಯ ಮೇಲೆ ಗೇಣು ದಪ್ಪ ಕೆಸರು. ತೊಳೆಯುವ ಹೊತ್ತಿಗೆ ನಾನು ದೂರದ ಊರಿನ ದಾಖಲೆ ಕೋಣೆಯಲ್ಲಿದ್ದೆ. ಆ ತೂತುಗಳ ಮೇಲೆ ಏನಿತ್ತು ಎಂದು ನೋಡಲೆಂದೇ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದಿದ್ದೆ. ಬಂದು ನೋಡಿದರೆ ಬಂದೂಕು.

"ಮೇಸ್ತ್ರಿ!" ಎಂದು ಕೂಗಿದೆ. ಶೆಡ್ಡಿನ ತಗಡಿನ ಛಾವಣಿ ಇನ್ನೊಮ್ಮೆ ಕೂಗಿತು.

ಮೇಸ್ತ್ರಿ ರೆಕ್ಕೆಯ ಕೆಳಗಿನಿಂದ ತೆವಳಿಕೊಂಡು ಬಂದರು. ದುರಸ್ತಿ ವಿಭಾಗಕ್ಕೆ ಅವರೇ ಮುಖ್ಯಸ್ಥರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಜಂಬ. ಮುಟ್ಟಿದ್ದೆಲ್ಲ ಕಾರ್ಖಾನೆಯಿಂದ ನಿನ್ನೆ ಬಂದ ಹಾಗೆ ಹೊಳೆಯಬೇಕು.

"ನೋಡಿದ್ರಾ ಮೇಡಂ? ಹೆಂಗೆ ಕೂತಿದೆ! ಲೇತ್‌ನಲ್ಲಿ ನಾನೇ ತಿರುಗಿಸಿದ್ದು. ಥ್ರೆಡ್ ಕೊಟ್ಟಿದ್ದೀನಿ, ಸ್ಕ್ರೂ ಥರ ಒಳಗೆ ಹೋಗುತ್ತೆ."

"ಇಲ್ಲಿ ತೂತಿನ ಮೇಲೆ ಏನಿತ್ತು?"

"ಎಲ್ಲಿ?"

"ಈ ಬಂದೂಕು ತುರುಕಿದ್ದೀರಲ್ಲ, ಅಲ್ಲಿ! ಬಟ್ಟೆ ಇತ್ತಾ, ತಗಡಿತ್ತಾ?"

"ಓ ಅದಾ. ತಗಡು. ಯಾರೋ ತೇಪೆ ಹಾಕಿದ್ರು, ಅಸಹ್ಯವಾಗಿ ಕಾಣ್ತಿತ್ತು. ಕಾರ್ಖಾನೆ ನಕ್ಷೆಯಲ್ಲಿ ಅದಿಲ್ವೇ ಇಲ್ಲ. ಕಿತ್ತಾಕಿದೆ."

ಕಿತ್ತಾಕಿದೆ. ನೋಯುವ ಹಲ್ಲಿನ ಬಗ್ಗೆ ಹೇಳುವ ಹಾಗೆ ಹೇಳಿದರು. ನನ್ನ ಬಾಯಿಂದ ಮಾತು ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು, ಹೊರಟ ಮೇಲೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಬಾಲದ ಮೇಲೆ ಗುಂಡು ತಗುಲಿದ ಕಡೆ ಹಾಕಿದ ತೇಪೆಗಳನ್ನು ಇದೇ ಮನುಷ್ಯ ಒಂದೂ ಕೀಳದೆ ಉಳಿಸಿದ್ದರು, ಒರೆಸಿ ಒರೆಸಿ ಇಟ್ಟಿದ್ದರು. ಅದನ್ನು ಯಾಕೆ ಕೀಳಲಿಲ್ಲ ಎಂದು ಕೇಳಿದೆ.

"ಅದು ಯುದ್ಧದ ಗಾಯ ಅಲ್ವಾ ಮೇಡಂ, ಜನ ನೋಡ್ತಾರೆ. ಇದು ಸುಮ್ನೆ ಯಾರೋ ಮಾಡಿದ ತೇಪೆ ಕೆಲಸ."

ಇಂಥ ತಪ್ಪನ್ನು ಬೇರೆ ಯಾರೂ ಮಾಡಲಾರರು. ಒಬ್ಬ ಗುಜರಿಯವನ ಕೈಗೆ ಆ ರೆಕ್ಕೆ ಸಿಕ್ಕಿದ್ದರೆ ತೇಪೆ ಸಮೇತ ಹಾಗೇ ಇರುತ್ತಿತ್ತು. ಕೆಲಸ ಬಲ್ಲವರೇ ಬೇಕಿತ್ತು, ಅಷ್ಟು ಜತನದಿಂದ, ಅಷ್ಟು ಅಚ್ಚುಕಟ್ಟಾಗಿ ಯುದ್ಧವನ್ನೇ ಕೆರೆದು ತೆಗೆಯಲು.

ಅಲ್ಲಿಂದ ಸೀದಾ ನಿರ್ದೇಶಕರ ಕೋಣೆಗೆ ಹೋದೆ. ನಮ್ಮ ನಿರ್ದೇಶಕರು ಯಾವಾಗಲೂ ನಗುತ್ತಿರುತ್ತಾರೆ. ಬೈದರೂ ನಗು, ಬೈಸಿಕೊಂಡರೂ ನಗು. ಅವರ ಮೇಜಿನ ಮೇಲೆ ಹೊಸ ಫಲಕದ ಮಾದರಿ ಇತ್ತು. ಕೆಂಪು ಅಕ್ಷರದಲ್ಲಿ 'ಟ್ಯಾಂಕ್‌ಗಳ ಪಾಲಿನ ಯಮ' ಎಂದು ಬರೆದು, ಕೆಳಗೆ ಹೊತ್ತಿ ಉರಿಯುವ ಟ್ಯಾಂಕಿನ ಚಿತ್ರ ಬರೆಸಿದ್ದರು.

"ಇದು ಟ್ಯಾಂಕ್ ಹೊಡೆಯೋ ವಿಮಾನ ಅಂತ ಯಾರು ಹೇಳಿದ್ರು ಸಾರ್?"

"ಎಲ್ಲರೂ ಹೇಳ್ತಾರಲ್ಲ ಮೇಡಂ. ಮೂತಿಯಲ್ಲಿ ಅಷ್ಟು ದೊಡ್ಡ ಫಿರಂಗಿ ಇದೆ."

"ಟ್ಯಾಂಕಿನ ಉಕ್ಕು ತೂರೋ ಗುಂಡನ್ನ ಇದರ ಫಿರಂಗಿಗೆ ಅಮೆರಿಕದವರು ಕಳಿಸಲೇ ಇಲ್ಲ. ಇದು ಆಕಾಶದಲ್ಲಿ ಹೊಡೆದಾಡಿದ್ದು. ಕೆಳಗಿರೋ ತಮ್ಮ ಸೈನಿಕರ ಮೇಲೆ ಬಾಂಬ್ ಬೀಳದ ಹಾಗೆ ಮೇಲೆ ಕಾವಲು ಕಾದಿದ್ದು. ನಾನು ಬರೆದು ಕೊಟ್ಟಿದ್ದು ಅದನ್ನೇ."

"ಓದಿದೆ, ಬಹಳ ಚೆನ್ನಾಗಿದೆ. ಆದ್ರೆ ಸ್ವಲ್ಪ ಒಣಗಿದೆ." ನಗು. "ಬಂದೂಕಿನ ವಿಷಯ ತಾನೇ ನಿಮ್ಮ ಸಿಟ್ಟು? ಕೂತ್ಕೊಳ್ಳಿ. ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚಿಸಿ. ನಿಮ್ಮ ದೊಡ್ಡಪ್ಪನ ಮೇಲೆ ಇರೋ ಆರೋಪ ಏನು? ಬಂದೂಕು ಬಿಚ್ಚಿಸಿದ್ದ ಅಂತ. ಈಗ ಬನ್ನಿ, ನೋಡಿ, ಬಂದೂಕು ಇದೆ! ಇನ್ನು ಯಾರು ಬಾಯಿ ಬಿಡ್ತಾರೆ? ನಾನು ನಿಮ್ಮ ಮನೆತನಕ್ಕೆ ಉಪಕಾರನೇ ಮಾಡಿದ್ದೀನಿ ಮೇಡಂ. ಉದ್ಘಾಟನೆಗೆ ನಿಮ್ಮ ಅತ್ತೆಯವರನ್ನೇ ಕರೀತಿದ್ದೀವಿ. ರಿಬ್ಬನ್ ಅವರೇ ಕತ್ತರಿಸ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಆರೋಪವನ್ನು ಅಳಿಸಲು ಇವರು ಸುಳ್ಳು ಬಂದೂಕು ಮಾಡಿಸಿದ್ದರು. ಅಂದರೆ ಬಿಚ್ಚಿಸಿದ್ದರೆ ತಪ್ಪೇ, ಅವನು ಹೇಡಿಯೇ, ಹಾಗಾಗಿ ಬಿಚ್ಚಿಸಿಲ್ಲ ಎಂದು ತೋರಿಸಿಬಿಡೋಣ ಎಂದು. ಊರಿನವರು ಬೈದು ಹೇಳುತ್ತಿದ್ದುದನ್ನೇ ಇವರು ನಕ್ಕು ಹೇಳುತ್ತಿದ್ದರು. ಇದಕ್ಕಿಂತ ಆ ಕುಡುಕ ವಾಸಿ. ಅವನು ಹೇಳಿದ ಎರಡು ಮಾತೂ ನಿಜವಾಗಿದ್ದವು.

"ನಿಮ್ಮ ಉಪಕಾರ ನಿಮ್ಮ ಹತ್ತಿರಾನೇ ಇರ್ಲಿ" ಎಂದು ಬಾಗಿಲು ಹಾಕಿಕೊಂಡು ಬಂದೆ. ಸ್ವಲ್ಪ ಜೋರಾಗಿಯೇ ಹಾಕಿಕೊಂಡೆ.

ಮತ್ತೆ ಶೆಡ್ಡಿಗೆ ಹೋಗಿ ಗುಜರಿ ರಾಶಿಯನ್ನು ಕೆದಕಿದೆ. ಕೆಳಗೆ ತುಕ್ಕು, ಮೇಲೆ ತುಕ್ಕು, ನಡುವೆ ಯಾರೋ ತಿಂದು ಬಿಸಾಕಿದ ಬ್ರೆಡ್ಡು. ಹಳೆಯದನ್ನೆಲ್ಲ ಗುಜರಿ ಲಾರಿ ಹೊತ್ತುಕೊಂಡು ಹೋಗಿತ್ತು. ಮೇಸ್ತ್ರಿ ನನ್ನ ಹಿಂದೆ ಮುಂದೆ ಸುಳಿದಾಡಿ, ನಾನು ಏನು ಹುಡುಕುತ್ತಿದ್ದೇನೆ ಎಂದು ಮೂರು ಸಲ ಕೇಳಿದರು. ಮೂರನೇ ಸಲ ಹೇಳಿದೆ. ಎಲ್ಲವನ್ನೂ ಹೇಳಿದೆ, ಅಪ್ಪನ 'ಹಗುರ'ದವರೆಗೆ, ಅತ್ತೆಯ ಮುರಿದ ಮದುವೆಯವರೆಗೆ. ಮೇಸ್ತ್ರಿಯ ಮುಖ ಸುಣ್ಣವಾಯಿತು. ಕೈಗೆ ಕೆಲಸ ಬೇಕಾದವರ ಹಾಗೆ ಬ್ರಷ್ ತೆಗೆದುಕೊಂಡು, ರೆಕ್ಕೆಯ ಮೇಲಿನ ನಕ್ಷತ್ರಕ್ಕೆ ಬೇಕಾದ ಕೆಂಪು ಬಣ್ಣ ಕಲಸತೊಡಗಿದರು.

ನಾನು ಬೆನ್ನು ತಿರುಗಿಸಿ ಹೊರಟವಳು ನಿಂತೆ. ಅವರು ಬಣ್ಣ ಕಲಸುತ್ತಿದ್ದ ತಗಡು ಚಪ್ಪಟೆಯಾಗಿರಲಿಲ್ಲ. ಉದ್ದಕ್ಕೂ ಒಂದೇ ಹದದಲ್ಲಿ ಬಾಗಿತ್ತು. ಹಾಗೆ ಬಾಗಿರುವುದು ರೆಕ್ಕೆಯ ಮುಂದಿನ ಅಂಚು ಮಾತ್ರ.

"ಅದೆಲ್ಲಿಂದ ಬಂತು?"

ಮೇಸ್ತ್ರಿ ಕೈಯಲ್ಲಿದ್ದುದನ್ನು ನೋಡಿಕೊಂಡರು. ಬ್ರಷ್ ಕೆಳಗೆ ಬಿತ್ತು. "ಅಯ್ಯೋ" ಎಂದರು. "ಬಾಗಿದೆಯಲ್ಲ, ಬಣ್ಣ ಚೆಲ್ಲಲ್ಲ ಅಂತ ಇದೊಂದನ್ನ ಇಟ್ಕೊಂಡೆ."

ಬಣ್ಣ ಕರಗಿಸುವ ಥಿನ್ನರ್ ಹಾಕಿ ಇಬ್ಬರೂ ಒರೆಸಿದೆವು. ಮೊದಲು ಈವತ್ತಿನ ಕೆಂಪು, ಆಮೇಲೆ ಹೊಟ್ಟೆಗೆ ಬಳಿದ ನೀಲಿ, ಆಮೇಲೆ ಬೆನ್ನಿಗೆ ಬಳಿದ ಹಸಿರು. ಅವರ ಕೆಲಸದ ದಿನಚರಿಯೆಲ್ಲ ಅದರ ಮೇಲಿತ್ತು. ಅಂಚಿನ ಸುತ್ತ ರಿವೆಟ್ ತೂತುಗಳು ಒಂದರ ಪಕ್ಕ ಒಂದು ಸಮವಾಗಿ ಕಾಣಿಸಿಕೊಂಡವು. ಮೂಲೆಯಲ್ಲಿ ಉಗುರಿನಷ್ಟು ಚಿಕ್ಕ ಮುದ್ರೆ, ತ್ರಿಕೋನದೊಳಗೆ ಒಂದು ಅಂಕಿ. ಮೇಸ್ತ್ರಿ ನನಗಿಂತ ಮೊದಲು ಬಾಲದ ಕಡೆಗೆ ಓಡಿದರು. ಅವರು ಒರೆಸಿ ಒರೆಸಿ ಇಟ್ಟಿದ್ದ ಗುಂಡಿನ ತೇಪೆಯ ಮೂಲೆಯಲ್ಲೂ ಅದೇ ತ್ರಿಕೋನ, ಅದೇ ಅಂಕಿ. ಒಂದೇ ವರ್ಕ್‌ಶಾಪು, ಒಬ್ಬನೇ ಪರೀಕ್ಷಕ. ದೊಡ್ಡಪ್ಪ ಕದ್ದು ಏನನ್ನೂ ಮಾಡಿರಲಿಲ್ಲ. ಅವನ ವಿಮಾನದ ಬಂದೂಕನ್ನು ಅವನ ರೆಜಿಮೆಂಟೇ ಬಿಚ್ಚಿ, ತೂತು ಮುಚ್ಚಿ, ಸರಿಯಾಗಿದೆ ಎಂದು ಮುದ್ರೆ ಒತ್ತಿ ಅವನನ್ನು ಮೇಲೆ ಕಳಿಸಿತ್ತು.

ನಾನು ಅಲ್ಲೇ ಟೈರಿನ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ನನಗೆ ತೀರಾ ಸಿಟ್ಟು ಬಂದರೆ ಅಳು ಬರುತ್ತದೆ, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ. ಒಂದು ಅಂಗೈ ಅಗಲದ ತಗಡು. ಅಪ್ಪ ಬದುಕಿದ್ದಾಗ ಇದು ಸಿಕ್ಕಿದ್ದರೆ ಅವನ ಕೈಗೆ ಕೊಡಬಹುದಿತ್ತು.

ನಿರ್ದೇಶಕರಿಗೂ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಅದ್ಭುತ" ಎಂದರು. ಬಂದೂಕು ಯಾವಾಗ ತೆಗೆಸುತ್ತೀರಿ ಎಂದು ಕೇಳಿದೆ.

"ಈಗ ಹೇಗಾಗುತ್ತೆ? ಉದ್ಘಾಟನೆ ತಲೆ ಮೇಲೆ ಬಂದಿದೆ. ದಾನಿಗಳಿಗೆಲ್ಲ ಬಂದೂಕಿರೋ ಫೋಟೋ ಕಳಿಸಿಯಾಗಿದೆ. ಇದನ್ನ ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹಿಂದಿನ ಪಡಸಾಲೆಯಲ್ಲಿ ಇಡೋಣ. ಮುಂದಿನ ವರ್ಷ ನೋಡೋಣ."

ಹಿಂದಿನ ಪಡಸಾಲೆ ಎಂದರೆ ಕಕ್ಕಸಿಗೆ ಹೋಗುವ ದಾರಿ. ತಗಡನ್ನು ಅವರ ಕೈಯಿಂದ ಕಿತ್ತುಕೊಂಡು ಚೀಲಕ್ಕೆ ಹಾಕಿಕೊಂಡೆ.

ಸಂಜೆ ಮನೆಗೆ ಹೋದಾಗ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ನನ್ನ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಸರಿಯಾಗಿ ಕಾಣುವುದಿಲ್ಲ, ಬೆರಳಿಗೇ ಕಣ್ಣಿದೆ. ನಾನು ತಗಡನ್ನು ಅವಳ ಮುಂದಿಟ್ಟು, ಸೇತುವೆಯ ಕಥೆ, ಬಾಂಬರ್ ಕಥೆ, ಮುದ್ರೆಯ ಕಥೆ, ಎಲ್ಲ ಹೇಳಿದೆ. ಬಂದೂಕು ಕೂರಿಸಿರುವುದನ್ನೂ ಹೇಳಿದೆ, ನಿರ್ದೇಶಕರಿಗೆ ಒಂದಿಷ್ಟು ಬೈದೂ ಬೈದೆ. ಅವಳು ರಿವೆಟ್ ತೂತುಗಳ ಸಾಲಿನ ಮೇಲೆ ಬೆರಳೋಡಿಸಿದಳು. ಒಂದು ಸುತ್ತು, ಮತ್ತೊಂದು ಸುತ್ತು.

"ಒಳ್ಳೆ ಹೊಲಿಗೆ" ಎಂದಳು. "ಕದ್ದು ಮಾಡೋರು ಇಷ್ಟು ಸಮವಾಗಿ ಹಾಕಲ್ಲ."

"ಹಾಗಾದ್ರೆ ಓಡಲಿಲ್ಲ ಅತ್ತೆ. ಖಂಡಿತ ಓಡಲಿಲ್ಲ."

ಅವಳು ತಗಡನ್ನು ನನ್ನ ಕಡೆಗೆ ಸರಿಸಿ, ಮತ್ತೆ ಸೂಜಿ ಎತ್ತಿಕೊಂಡಳು.

"ಖುಷಿಯಾಗ್ಲಿಲ್ವಾ?"

"ಆಯ್ತು." ಯಾರಿಗೋ ಶಾಪ ಹಾಕುವ ಹಾಗೆ ಹೇಳಿದಳು. ಸೂಜಿಯನ್ನು ಕೋಟಿಗೆ ಚುಚ್ಚಿ, ಊಟವನ್ನೂ ಮಾಡದೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕುವ ರೀತಿ ನಮ್ಮ ಮನೆಯಲ್ಲಿ ಎಲ್ಲರದೂ ಒಂದೇ. ನನಗೆ ಅವಳ ಸಿಟ್ಟು ಅರ್ಥವಾಗಲಿಲ್ಲ. ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲವೇ ಎಂದುಕೊಂಡು, ಒಬ್ಬಳೇ ಕೂತು ಆರಿದ ಸಾರು ಕುಡಿದೆ.

ಉದ್ಘಾಟನೆಯ ದಿನ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆಯೇ ಎದ್ದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಿನ್ನ ಹಾಗೆ ಒಂದು ಗಂಟೆ ತಲೆ ಬಾಚ್ತಾ ಕೂತ್ರೆ ವಿಮಾನಕ್ಕೆ ಮತ್ತೆ ತುಕ್ಕು ಹಿಡಿಯುತ್ತೆ" ಎಂದಳು.

ಸಭಾಂಗಣ ತುಂಬಿತ್ತು. ದಾನಿಗಳು ಮುಂದಿನ ಸಾಲಿನಲ್ಲಿ, ಪತ್ರಿಕೆಯವರು ಗೋಡೆಯ ಪಕ್ಕದಲ್ಲಿ. ವಿಮಾನ ದೀಪದ ಬೆಳಕಿನಲ್ಲಿ ಥಳಥಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಟ್ಯಾಂಕ್‌ಗಳ ಯಮನ ಫಲಕ. ಹಿಂದಿನ ಸಾಲುಗಳಲ್ಲಿ ನಮ್ಮ ಊರಿನವರೂ ಇದ್ದರು, ನನ್ನ ಅಪ್ಪನನ್ನು ಹಗುರ ಎಂದು ಕರೆದವರ ಮಕ್ಕಳು, ಮೊಮ್ಮಕ್ಕಳು. ಎಲ್ಲರೂ ಮಾಡುವುದು ಮಾಡಿ ಈಗ ಮೊಬೈಲ್ ಹಿಡಿದು ನಿಂತಿದ್ದರು. ನಿರ್ದೇಶಕರು ಮೈಕು ಹಿಡಿದು, ಸಂಪೂರ್ಣ ಶಸ್ತ್ರಸಜ್ಜಿತವಾದ ಈ ಅಪರೂಪದ ವಿಮಾನ ಎಂದು ಶುರುಮಾಡಿ, ವೀರ ಪೈಲಟ್‌ನ ಪ್ರೀತಿಯ ತಂಗಿ ಎಂದು ಮುಗಿಸಿದರು. ಚಪ್ಪಾಳೆ ಬಿತ್ತು.

ಅತ್ತೆ ತಟ್ಟೆಯಲ್ಲಿದ್ದ ಕತ್ತರಿಯನ್ನು ಎತ್ತಿಕೊಂಡು ಬೆರಳಿನಿಂದ ಅಲಗು ಮುಟ್ಟಿ ನೋಡಿದಳು. "ಮೊಂಡು" ಎಂದಳು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಆದರೂ ರಿಬ್ಬನ್ ಕತ್ತರಿಸಿ, ಕತ್ತರಿಯನ್ನು ನಿರ್ದೇಶಕರ ಕೈಗೆ ಕೊಟ್ಟು, ಕೋಲೂರಿಕೊಂಡು ಸೀದಾ ರೆಕ್ಕೆಯ ಹತ್ತಿರ ನಡೆದಳು. ನಾನು ಹಿಂದೆಯೇ ಹೋದೆ. ಅವಳು ತಡವಿಕೊಂಡು ಹೋಗಿ ಮೊದಲನೇ ನಳಿಗೆಯನ್ನು ಹಿಡಿದಳು.

"ಇದೇನು?"

"ಮೆಷಿನ್ ಗನ್ ಅಮ್ಮಾ" ಎಂದರು ನಿರ್ದೇಶಕರು, ಬಗ್ಗಿ, ನಕ್ಕು. "ನಿಮ್ಮಣ್ಣನವರದು."

"ನಮ್ಮಣ್ಣಂದಲ್ಲ. ನಮ್ಮಣ್ಣ ಬಿಚ್ಚಿಸಿದ್ದ."

ಆ ಮಾತನ್ನು ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಬೀದಿಯವರು ಆಡಿದರೆ ಕಿಟಕಿ ಹಾಕುತ್ತಿದ್ದೆವು.

"ಎಲ್ಲರೂ ಕೇಳಿ" ಎಂದಳು ಅತ್ತೆ. ಮೈಕು ಅವಳಿಗೆ ಬೇಕಿರಲಿಲ್ಲ. "ಬಿಚ್ಚಿಸಿದ್ದ. ನೀವು ಹೇಳಿದ್ದು ನಿಜ. ಮೇಲಕ್ಕೆ ಹೋಗೋಕೆ ಬಿಚ್ಚಿಸಿದ್ದ. ಹೋದ. ಸೇತುವೆ ಮೇಲೆ ಬಾಂಬ್ ಹಾಕೋಕೆ ಬಂದೋರನ್ನ ಹೊಡೆಯೋಕೆ ಹೋದ." ಆಮೇಲೆ ನನ್ನ ಕಡೆ ತಿರುಗಿ, "ಬಿಚ್ಚೇ ಇದನ್ನ" ಎಂದಳು.

"ಮೇಡಂ, ಬೇಡ" ಎಂದರು ನಿರ್ದೇಶಕರು ನನ್ನ ಕಿವಿಯ ಹತ್ತಿರ. ಅವರು ನಗದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾಳೆ ನಿಮಗೆ ಇಲ್ಲಿ ಕೆಲಸ ಇರಲ್ಲ."

ನಾನು ಮೇಸ್ತ್ರಿಯನ್ನು ಹುಡುಕಿದೆ. ಅವರು ವಿಮಾನದ ಬಾಲದ ಹತ್ತಿರ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಅಂಗಿ ಹೊಸದಾದರೇನು, ಪ್ಯಾಂಟಿನ ಜೇಬಿನಲ್ಲಿ ಪೈಪ್ ಸ್ಪ್ಯಾನರ್ ಇತ್ತು. ನಿರ್ದೇಶಕರ ಮುಖ ನೋಡದೆ ಬಂದು ನನ್ನ ಕೈಗಿಟ್ಟರು. "ಎಡಕ್ಕೆ ತಿರುಗಿಸಿ ಮೇಡಂ" ಎಂದರು.

ನಳಿಗೆ ಮೊದಲು ಜಗ್ಗಲಿಲ್ಲ. ಮೇಸ್ತ್ರಿ ಕೆಲಸ ಗಟ್ಟಿ. ನನ್ನ ಕೈಯಲ್ಲಿ ಅಪ್ಪನ ಶಾಲೆಯ ದಿನಗಳೂ ಅತ್ತೆಯ ಕಾರ್ಖಾನೆಯ ವರ್ಷಗಳೂ ಸೇರಿಕೊಂಡಿದ್ದವು ಎಂದು ಕಾಣುತ್ತದೆ, ಎರಡನೇ ಸಲ ಎಳೆದಾಗ ಕಿರ್ರೆಂದು ತಿರುಗಿತು. ಆಮೇಲೆ ಸಲೀಸು. ಕಳಚಿದ್ದನ್ನು ಅತ್ತೆಯ ಕೈಗೆ ಕೊಟ್ಟೆ. ಅವಳು ಅದರ ಬಾಯಿಗೆ ಕಿರುಬೆರಳು ತೂರಿಸಿದಳು. ಬೆರಳು ಉಗುರಿನವರೆಗೆ ಹೋಗಿ ನಿಂತಿತು. ಒಳಗೆಲ್ಲ ಗಟ್ಟಿ ಕಬ್ಬಿಣ, ಮೂತಿಗೆ ಮಾತ್ರ ತೋರಿಕೆಗೆ ಕೊರೆದ ತೂತು.

"ಗುಂಡು ಎಲ್ಲಿಂದ ಬರುತ್ತಪ್ಪಾ ಇದರಲ್ಲಿ?" ಎಂದು ನಿರ್ದೇಶಕರನ್ನು ಕೇಳಿ, ಅದನ್ನು ಅವರ ತೋಳಿನಲ್ಲಿ ಇಟ್ಟಳು. ಒಂದು ಕೈಯಲ್ಲಿ ಮೊಂಡು ಕತ್ತರಿ, ಇನ್ನೊಂದರಲ್ಲಿ ಸುಳ್ಳು ಬಂದೂಕು ಹಿಡಿದು ಅವರು ನಿಂತರು. ದಾನಿಗಳಲ್ಲಿ ಒಬ್ಬರು ಎದ್ದು ಹೊರಗೆ ಹೋದರು. ಹಿಂದಿನ ಸಾಲಿನವರು ಮೊಬೈಲ್ ಕೆಳಗಿಳಿಸಿದ್ದರು.

ಪತ್ರಿಕೆಯ ಹುಡುಗಿಯೊಬ್ಬಳು ಮುಂದೆ ಬಂದಳು. "ಅಜ್ಜಿ, ಹಾಗಾದ್ರೆ ನಿಮ್ಮಣ್ಣ ವೀರ ಅಂತ ಸಾಬೀತಾಯ್ತು. ಈಗ ನಿಮಗೆ ಸಮಾಧಾನ ಆಯ್ತಾ?"

ಅತ್ತೆ ಅವಳ ಕಡೆ ತಿರುಗಿದಳು. ಆ ಸಂಜೆ ಬಾಗಿಲು ಹಾಕಿಕೊಂಡಾಗಿನ ಮುಖವೇ ಇತ್ತು.

"ಏನು ಸಮಾಧಾನ? ಓಡಿಹೋಗಿದ್ರೆ ಎಲ್ಲಾದ್ರೂ ಬದುಕಿರ್ತಿದ್ದ. ಊರೆಲ್ಲ ಬೈಯುವಾಗ ನಾನು ಒಳಗೊಳಗೇ ಅಂದ್ಕೋತಿದ್ದೆ, ಓಡಿಹೋಗಿರ್ಲಿ, ದೇವರೇ, ಓಡಿಹೋಗಿರ್ಲಿ ಅಂತ. ಎಂದಾದ್ರೂ ಬಾಗಿಲು ತಟ್ತಾನೆ ಅಂತ. ಬಂದಿದ್ರೆ ಕೆನ್ನೆಗೆ ಎರಡು ಬಾರಿಸಿ ಅನ್ನ ಇಕ್ತಿದ್ದೆ. ಕೆಸರಿಂದ ಮೂಳೆ ಎತ್ತಿ ಕೊಟ್ರು, ಅದು ಬೇರೆ ಯಾರದೋ ಇರಬಹುದು ಅಂತ ಇನ್ನೂ ಅಂದ್ಕೊಂಡಿದ್ದೆ ಕಣಮ್ಮಾ. ಈಗ ಮುದ್ರೆ ಸಮೇತ ಗೊತ್ತಾಯ್ತು. ಓಡ್ಲಿಲ್ಲ. ಬರ್ಕೋ. ಓಡ್ಲಿಲ್ಲ."

ಹುಡುಗಿ ಬರೆದುಕೊಳ್ಳಲಿಲ್ಲ, ಹಾಗೇ ನಿಂತಿದ್ದಳು. ಇಷ್ಟು ವರ್ಷ ನಾನು ಹುಡುಕಿದ್ದು ಏನನ್ನು, ಅವಳ ಮುಂದೆ ತಂದಿಟ್ಟಿದ್ದು ಏನನ್ನು ಎಂದು ಆಗ ತಿಳಿಯಿತು.

"ಅತ್ತೆ" ಎಂದೆ.

ಅವಳು ನನ್ನ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕೈಯಿಂದ ರೆಕ್ಕೆಯ ಅಂಚನ್ನು ತಡವುತ್ತ ಮುಂದಿನ ನಳಿಗೆಯ ಹತ್ತಿರ ಹೋಗಿ, ಕೋಲಿನಿಂದ ಅದನ್ನು ಟಣ್ಣೆಂದು ಬಡಿದಳು.

"ಇನ್ನೂ ಮೂರಿದೆ" ಎಂದಳು. "ಬಿಚ್ಚು."